ಪೆನ್ ಡ್ರೈವಿನ ಬಾಗಿಲಿಗೇ ಬೀಗ: ನನ್ನ ಅನುಭವ

ರೋಣದಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಅಂಗಡಿ ನಡೆಸುವ ನಾನು ವಾರಕ್ಕೆ ಎರಡು ಮೂರು ಸಲ ಲಗ್ನಪತ್ರಿಕೆ, ಬಿಲ್ ಬುಕ್ಕುಗಳ ಫೈಲುಗಳನ್ನು ತುಂಬಿಕೊಂಡು ಮುದ್ರಣದ ಪ್ಲೇಟ್ ಮಾಡಿಕೊಡುವ ಗದಗದ ಪ್ಲೇಟ್ ಸೆಂಟರಿಗೆ ಹೋಗುತ್ತೇನೆ. ಅಲ್ಲಿನ ಒಂದೇ ಕಂಪ್ಯೂಟರಿಗೆ ದಿನಕ್ಕೆ ಮೂವತ್ತು ನಲವತ್ತು ಜನ ಪೆನ್ ಡ್ರೈವ್ ಹಚ್ಚುತ್ತಾರೆ. ಮೂರು ವರ್ಷಗಳ ಹಿಂದೆ, ಲಗ್ನದ ಸೀಜನ್ನಿನ ನಡುವೆ, ಮನೆಗೆ ಬಂದು ಡ್ರೈವ್ ತೆರೆದರೆ ವೈರಸ್ ತಗುಲಿ ಫೋಲ್ಡರುಗಳೆಲ್ಲ ಅಡಗಿ, ಕಾಣುವುದೆಲ್ಲ ಒಂದೆರಡು ಕೆಬಿಯ ಶಾರ್ಟ್‌ಕಟ್ಟುಗಳಾಗಿದ್ದವು. ಅಡಗಿಸುವ ಗುರುತನ್ನು ತೆಗೆಯುವ ಆಟ್ರಿಬ್ ಕಮಾಂಡ್ ಕೊಟ್ಟರೆ ಫೋಲ್ಡರುಗಳು ಮರಳುತ್ತವೆಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಆದರೆ ನಾನು ಆ ಗಡಿಬಿಡಿಯಲ್ಲಿ ಡ್ರೈವನ್ನು ರಿಕವರಿ ಅಂಗಡಿಗೆ ಕೊಟ್ಟು ಸುಮಾರು 1,200 ರೂಪಾಯಿ ತೆತ್ತೆ, ಹೆಸರಿಲ್ಲದ ಫೈಲುಗಳ ರಾಶಿಯನ್ನು ಪಡೆದೆ. ತಡವಾದ ಎರಡು ಆರ್ಡರುಗಳಿಂದ ಇನ್ನೂ ನಾಲ್ಕು ಸಾವಿರದಷ್ಟು ಹೋಯಿತು.

ಇನ್ನೊಮ್ಮೆ ಹೀಗಾಗದಿರಲೆಂದು ಆಟೋರನ್.ಇನ್ಫ್ ಎಂಬ ಹೆಸರಿನ ಫೋಲ್ಡರ್ ಮಾಡಿಡುವ ಹಳೆಯ ಉಪಾಯವನ್ನು ಮೊದಲು ಹಿಡಿದೆ. ಡ್ರೈವ್ ಹಚ್ಚಿದೊಡನೆ ತಾನೇ ಓಡಲು (ಆಟೋರನ್) ವೈರಸ್ ಬಳಸುವ ಫೈಲಿನ ಹೆಸರದು; ಆ ಹೆಸರಿನ ಫೋಲ್ಡರಿದ್ದರೆ ಫೈಲು ಹುಟ್ಟಲಾರದು. 2008ರ ಕಾನ್ಫಿಕರ್ ಎಂಬ ವರ್ಮಿನ (ತಾನೇ ಹರಡುವ ವೈರಸ್) ಕಾಲಕ್ಕೆ ಅದು ಸರಿಯಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲಿಯೂ ಪೆನ್ ಡ್ರೈವಿನ ಆಟೋರನ್ನನ್ನು ತಡೆದ ಮೇಲೆ ನಮ್ಮನ್ನು ಕಾಡುತ್ತಿರುವುದು ನಾವೇ ಒತ್ತಿ ತೆರೆಯುವ ಶಾರ್ಟ್‌ಕಟ್ಟು, ಅದಕ್ಕೆ ಆ ಫೋಲ್ಡರಿನ ಹಂಗಿಲ್ಲ. ಬಳಿಕ ಪಕ್ಕದಲ್ಲಿ ಲಾಕ್ ಗುಂಡಿಯಿರುವ ಎಸ್‌ಡಿ ಕಾರ್ಡನ್ನು ರೀಡರಿನಲ್ಲಿ ಹಾಕಿ ನೋಡಿದೆ. ಆ ಗುಂಡಿಯ ಸ್ಥಾನವನ್ನು ಗಮನಿಸಿ ಬರೆಯುವುದನ್ನು ತಡೆಯಬೇಕಾದದ್ದು ರೀಡರು. ನಾನು ಕೊಂಡ ಎರಡು ಅಗ್ಗದ ರೀಡರುಗಳಲ್ಲಿ ಒಂದು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ಆರುನೂರು ರೂಪಾಯಿ ನೀರಿಗೆ ಬಿತ್ತು.

ಕೊನೆಗೆ ಕೈಹಿಡಿದದ್ದು ಯಾರು ಓದಬಹುದು, ಯಾರು ಬರೆಯಬಹುದು ಎಂದು ಫೋಲ್ಡರಿಗೊಂದು ಅನುಮತಿ ಹಾಕಲು ಬರುವ ವಿಂಡೋಸ್ ಫಾರ್ಮ್ಯಾಟು, ಎನ್‌ಟಿಎಫ್‌ಎಸ್. ಡ್ರೈವನ್ನು ಅದರಲ್ಲಿ ಫಾರ್ಮ್ಯಾಟ್ ಮಾಡಿ, ಒಳಗೆ ‘ಕೆಲಸ’ ಎಂಬ ಒಂದೇ ಫೋಲ್ಡರ್ ಮಾಡಿ, ಅದರ ಇನ್ಹೆರಿಟೆನ್ಸ್ (ಮೇಲಿನ ಮಟ್ಟದ ಅನುಮತಿ ತಾನೇ ಇಳಿದು ಬರುವುದು) ಕಡಿದು, ಆಮೇಲೆ ಡ್ರೈವಿನ ರೂಟಿನಲ್ಲಿ (ಡ್ರೈವ್ ತೆರೆದೊಡನೆ ಕಾಣುವ ಮೊದಲ ಮಟ್ಟ) ಎಲ್ಲ ಬಳಕೆದಾರರು ಎಂದರ್ಥದ ಎವ್ರಿಒನ್‌ಗೆ ಓದುವ ಅನುಮತಿಯನ್ನಷ್ಟೇ ಉಳಿಸಿದೆ. ಈ ಕ್ರಮ ಹಿಂದುಮುಂದಾದರೆ ಫೋಲ್ಡರೂ ಬೀಗದೊಳಗೆ ಸಿಕ್ಕಿಬೀಳುತ್ತದೆ. ಮೊದಲ ವಾರ ರೂಟಿನಲ್ಲಿ ಒಂದೂ ಶಾರ್ಟ್‌ಕಟ್ ಹುಟ್ಟಲಿಲ್ಲ, ಆದರೆ ‘ಕೆಲಸ’ ಫೋಲ್ಡರೇ ಕಾಣೆಯಾಯಿತು. “ನಿಮ್ಮ ಡ್ರೈವ್ ಖಾಲಿ ಐತ್ರಿ, ಇದೆಲ್ಲ ಆಗೂ ಮಾತಲ್ಲ” ಎಂದು ಸೆಂಟರಿನವರು ನಕ್ಕರು. ರಾತ್ರಿ ಕುಳಿತು ನೋಡಿದಾಗ ತಪ್ಪು ಸಿಕ್ಕಿತು: ಫೋಲ್ಡರಿಗೆ ಕೊಟ್ಟಿದ್ದ ಮಾಡಿಫೈ (ತಿದ್ದುವ, ಅಳಿಸುವ) ಅನುಮತಿಯಲ್ಲಿ ‘ರೈಟ್ ಆಟ್ರಿಬ್ಯೂಟ್ಸ್’ (ಹಿಡನ್ ಮುಂತಾದ ಗುರುತು ಹಚ್ಚುವ ಹಕ್ಕು) ಕೂಡ ಸೇರಿರುತ್ತದೆ, ವೈರಸ್ ಅದನ್ನೇ ಬಳಸಿ ಫೋಲ್ಡರನ್ನು ಹಿಡನ್ ಮಾಡಿತ್ತು. ಈಗ ಮಾಡಿಫೈ ಇರುವುದು ಒಳಗಿನ ಫೈಲು, ಫೋಲ್ಡರುಗಳಿಗೆ ಮಾತ್ರ. ‘ಕೆಲಸ’ಕ್ಕೆ ಓದುವ ಮತ್ತು ಹೊಸ ಫೈಲು, ಫೋಲ್ಡರ್ ಸೃಷ್ಟಿಸುವ ಹಕ್ಕಷ್ಟೇ ಇದೆ.

ಅಡ್ಮಿನ್ ಹಕ್ಕಿನಲ್ಲಿ (ಕಂಪ್ಯೂಟರಿನ ಪೂರ್ಣ ಅಧಿಕಾರ) ಓಡುವ ವೈರಸ್ ಮನಸ್ಸು ಮಾಡಿದರೆ ಈ ಬೀಗವನ್ನೂ ತೆಗೆಯಬಲ್ಲದು; ಒಳಗಿಳಿದು ಪ್ರೋಗ್ರಾಮುಗಳ ಇಎಕ್ಸ್‌ಇ ಫೈಲುಗಳಿಗೆ ಅಂಟುವಂಥದ್ದಕ್ಕೂ ಇದು ಮದ್ದಲ್ಲ. ಆದ್ದರಿಂದ ಡ್ರೈವಿನಲ್ಲಿ ಫಾಂಟ್ ಇನ್‌ಸ್ಟಾಲರುಗಳನ್ನು ಇಡುವುದನ್ನೇ ಬಿಟ್ಟೆ ಮತ್ತು ಅಂಗಡಿಯ ಕಂಪ್ಯೂಟರಿನಲ್ಲಿ ಮೂಲ ಪ್ರತಿಯಿಲ್ಲದ ಯಾವ ಫೈಲನ್ನೂ ಹೊರಗೆ ಒಯ್ಯುವುದಿಲ್ಲ. ಎರಡು ವರ್ಷಕ್ಕೂ ಮೇಲಾಯಿತು, 350 ರೂಪಾಯಿಯ ಅದೇ 32 ಜಿಬಿ ಡ್ರೈವ್ ಓಡಾಡುತ್ತಿದೆ, ನಕ್ಕವರೇ ತಮ್ಮ ಮೂರು ಡ್ರೈವುಗಳನ್ನು ನನ್ನಿಂದ ಮಾಡಿಸಿಕೊಂಡಿದ್ದಾರೆ. ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಮಷೀನು ಮಾತ್ರ ಎನ್‌ಟಿಎಫ್‌ಎಸ್ ಓದುವುದಿಲ್ಲ. ಅದಕ್ಕೆಂದು ಹಳೆಯ 8 ಜಿಬಿಯ ಫ್ಯಾಟ್32 (ಇಂಥ ಅನುಮತಿಗಳಿಲ್ಲದ ಹಳೆಯ ಫಾರ್ಮ್ಯಾಟು) ಡ್ರೈವೊಂದನ್ನು ಬೇರೆ ಇಟ್ಟು, ಪ್ರತಿ ಸಲ ಬಂದೊಡನೆ ಫಾರ್ಮ್ಯಾಟ್ ಮಾಡುತ್ತೇನೆ.