ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದ ಮಗಳು: ಮಲಬದ್ಧತೆಯ ಜೊತೆ ನಮ್ಮ ಏಳು ತಿಂಗಳು

ಯುಗಾದಿ ಮುಗಿದ ವಾರ ಮಗಳಿಗೆ ಜ್ವರ ಬಂತು. ಆಗ ಅವಳಿಗೆ ಎರಡು ವರ್ಷ ಒಂದು ತಿಂಗಳು. ನಾಲ್ಕು ದಿನ ಅನ್ನ ಮುಟ್ಟಲಿಲ್ಲ, ಬರೀ ಹಾಲಿನ ಮೇಲೆ ಇದ್ದಳು. ಜ್ವರ ಬಿಟ್ಟ ಮಾರನೇ ದಿನ ಬೆಳಿಗ್ಗೆ ಜೋರಾಗಿ ಕಿರುಚಿಕೊಂಡಳು. ಡೈಪರ್ ಬಿಚ್ಚಿದರೆ ಮೇಕೆ ಹಿಕ್ಕೆಯಂಥ ಗಟ್ಟಿ ಉಂಡೆಗಳು, ಅದರ ಮೇಲೆ ಒಂದೆಳೆ ರಕ್ತ. ಜ್ವರದ ಕಾವಿಗೆ ಹೀಗಾಗಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆವು.

ಸರಿಹೋಗಲಿಲ್ಲ. ಅಲ್ಲಿಂದ ಮುಂದೆ ಕಕ್ಕ ಬಂದಾಗಲೆಲ್ಲ ಅವಳು ಮಲಗುವ ಕೋಣೆಗೆ ಓಡಿ ಬಾಗಿಲ ಸಂದಿ ಸೇರಿಬಿಡುತ್ತಿದ್ದಳು. ಒಂದು ಕೈಯಲ್ಲಿ ಬೀರುವಿನ ಹಿಡಿ ಹಿಡಿದು, ತುದಿಗಾಲಲ್ಲಿ ನಿಂತು, ಎರಡೂ ಕಾಲನ್ನು ಕತ್ತರಿಯ ಹಾಗೆ ಬಿಗಿಯುತ್ತಿದ್ದಳು. ಮುಖ ಕೆಂಪಾಗಿ ಮೂಗಿನ ತುದಿಯಲ್ಲಿ ಬೆವರು ಮೂಡುತ್ತಿತ್ತು. ಮಗು ತಿಣುಕುತ್ತಿದೆ, ಪಾಪ ಬರುತ್ತಿಲ್ಲ ಎಂದು ನಾನು, ನನ್ನ ಗಂಡ, ಅತ್ತೆ ಮೂವರೂ ಪಕ್ಕದಲ್ಲಿ ಕೂತು "ಮುಕ್ಕು ಪುಟ್ಟಿ, ಇನ್ನೊಂದು ಸಲ ಮುಕ್ಕು" ಅನ್ನುತ್ತಿದ್ದೆವು. ಐದು ನಿಮಿಷ ಕಳೆದರೆ ಅವಳ ಮೈ ಸಡಿಲವಾಗುತ್ತಿತ್ತು. ಏನೂ ಆಗದವಳಂತೆ ಆಡಲು ಹೋಗುತ್ತಿದ್ದಳು. ಹೀಗೆ ನಾಲ್ಕು ದಿನ, ಐದು ದಿನ, ಒಂದು ಸಲವಂತೂ ಎಂಟು ದಿನ.

ಅದೇ ಹೊತ್ತಿಗೆ ಜೂನ್‌ನಲ್ಲಿ ಪ್ಲೇಸ್ಕೂಲಿಗೆ ಸೇರಿಸಬೇಕಿತ್ತು. ಡೈಪರ್ ಬಿಟ್ಟಿರಬೇಕು ಎಂದು ಅಲ್ಲಿ ಹೇಳಿದ್ದರು. ಅದಕ್ಕಾಗಿ ಪಾಟಿ ತಂದು ಬೆಳಿಗ್ಗೆ ಇಪ್ಪತ್ತು ನಿಮಿಷ ಹಿಡಿದು ಕೂರಿಸುತ್ತಿದ್ದೆ, ಅವಳು ಅಳುತ್ತಿದ್ದಳು. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆಮದ್ದುಗಳೆಲ್ಲ ಆದವು. ನನ್ನಮ್ಮ ಊರಿಂದ ಬಂದಾಗ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಟ್ಟರು. ನಮ್ಮನ್ನೆಲ್ಲ ಹಾಗೇ ಸಾಕಿದ ಕೈ ಅದು, ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಅವತ್ತು ಕಕ್ಕವೇನೋ ಆಯಿತು. ಆದರೆ ಮಾರನೇ ದಿನದಿಂದ ಡೈಪರ್ ಬದಲಿಸಲು ಮಲಗಿಸಿದರೂ ಕಾಲು ಬಿಗಿಹಿಡಿದು ಒದೆಯತೊಡಗಿದಳು. ಸೋಪಿನ ಚೂರು ಇಡಿ ಎಂದು ಪಕ್ಕದ ಮನೆಯವರು ಹೇಳಿದ್ದರು. ಅದನ್ನು ಮಾಡಲಿಲ್ಲ, ಮಾಡದಿದ್ದುದೇ ಒಳ್ಳೆಯದಾಯಿತು. ಸೋಪು ಅಲ್ಲಿನ ಎಳೆಯ ಚರ್ಮವನ್ನು ಸುಡುತ್ತದೆ.

ಮೇ ಕೊನೆಯ ವಾರ ಇನ್ನೊಂದು ಶುರುವಾಯಿತು. ದಿನಕ್ಕೆ ನಾಲ್ಕೈದು ಸಲ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ನೀರುನೀರಾಗಿ ಹೋಗುತ್ತಿತ್ತು. ಭೇದಿ ಹಿಡಿಯಿತು ಎಂದು ಓಆರ್‌ಎಸ್ ಕುಡಿಸಿ, ಮೆತ್ತನೆ ಅನ್ನ, ಬಾಳೆಕಾಯಿ ಪಲ್ಯ, ದಾಳಿಂಬೆ ಎಂದು ಭೇದಿ ಕಟ್ಟುವ ಊಟ ಹಾಕಿದೆ. ಹೊಟ್ಟೆ ತಮಟೆಯ ಹಾಗೆ ಬಿಗಿಯಾಯಿತು. ಊಟ ಪೂರ್ತಿ ಬಿಟ್ಟಳು. ಆಗ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರಮ್ಮ ಮೊದಲು ಔಷಧಿ ಬರೆಯಲಿಲ್ಲ, ಪ್ರಶ್ನೆ ಕೇಳಿದರು. ಹುಟ್ಟಿದಾಗ ಮೊದಲ ಕಪ್ಪು ಮಲ ಎರಡು ದಿನದೊಳಗೆ ಹೋಗಿತ್ತಾ? ತೂಕ ಸರಿಯಾಗಿ ಏರುತ್ತಿದೆಯಾ? ಹಸಿರು ವಾಂತಿ ಆಗಿದೆಯಾ? ನಡಿಗೆ ಹೇಗಿದೆ? ಬೆನ್ನ ಕೆಳಗೆ, ಕಾಲುಗಳಲ್ಲಿ ಕೈಯಾಡಿಸಿ ನೋಡಿದರು. ಈ ಪ್ರಶ್ನೆಗಳನ್ನು ಇಲ್ಲಿ ಬರೆಯಲು ಕಾರಣವಿದೆ. ಹುಟ್ಟಿದಾಗಿನಿಂದಲೇ ಮಲ ಕಟ್ಟುವ ಮಕ್ಕಳಲ್ಲಿ ಕೆಲವರಿಗೆ ಕರುಳಿನ ತುದಿಯಲ್ಲಿ ನರಗಳೇ ಬೆಳೆದಿರುವುದಿಲ್ಲ. ಅದಕ್ಕೆ ಹಿರ್ಷ್‌ಸ್ಪ್ರಂಗ್ ಕಾಯಿಲೆ ಎನ್ನುತ್ತಾರೆ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಥೈರಾಯ್ಡ್ ಕೊರತೆ, ಬೆನ್ನುಹುರಿಯ ತೊಂದರೆ ಇದ್ದರೂ ಹೀಗಾಗಬಹುದು. ಹಸಿರು ವಾಂತಿ, ಉಬ್ಬಿದ ಹೊಟ್ಟೆಯ ಜೊತೆ ಜ್ವರ, ತೂಕ ಏರದಿರುವುದು, ಕಾಲಿನಲ್ಲಿ ಬಲ ಇಲ್ಲದಿರುವುದು, ಇವುಗಳಲ್ಲಿ ಒಂದಿದ್ದರೂ ನನ್ನ ಬರಹ ಬದಿಗಿಟ್ಟು ಇವತ್ತೇ ಡಾಕ್ಟರ ಹತ್ತಿರ ಹೋಗಿ. ಮತ್ತೆ, ಇದು ಎರಡು ದಾಟಿದ ಮಗುವಿನ ಕತೆ. ಬರೀ ತಾಯಿಹಾಲು ಕುಡಿಯುವ ಕೂಸು ನಾಲ್ಕೈದು ದಿನ ಹೋಗದೆ ಆಮೇಲೆ ಮೆತ್ತಗೆ ಹೋದರೆ, ಹಾಲು ಕುಡಿದುಕೊಂಡು ಚೆನ್ನಾಗಿದ್ದರೆ, ಅದು ಮಲಬದ್ಧತೆಯಲ್ಲ.

ನಮ್ಮ ಮಗುವಿಗೆ ಅಂಥದ್ದೇನೂ ಇರಲಿಲ್ಲ. ಡಾಕ್ಟರಮ್ಮ ನನ್ನ ಎರಡು ಬೆರಳು ಹಿಡಿದು ಅವಳ ಹೊಟ್ಟೆಯ ಎಡಗಡೆ ಕೆಳಗೆ ಮೆಲ್ಲಗೆ ಒತ್ತಿಸಿದರು. ಚರ್ಮದ ಕೆಳಗೆ ಒಂದು ಗಂಟು ಸಿಕ್ಕಿತು, ಹಸಿ ಮಣ್ಣಿನ ಮುದ್ದೆಯಂತೆ, ಒತ್ತಿದರೆ ಸ್ವಲ್ಪ ಒಳಕ್ಕೆ ಹೋಗುವಂಥದ್ದು. "ಇದೆಲ್ಲಾ ಹಳೇ ಮಲ. ನೀವು ನೋಡಿದ್ದು ಭೇದಿ ಅಲ್ಲಮ್ಮ. ಈ ಗಂಟಿನ ಪಕ್ಕದಿಂದ ಸೋರುತ್ತಿರುವ ನೀರು" ಅಂದರು.

ಆಮೇಲೆ ಬಾಗಿಲ ಸಂದಿಯ ವಿಷಯ ಹೇಳಿದೆ. ಅವರು ಎದ್ದು ನಿಂತು ತುದಿಗಾಲಲ್ಲಿ ಕಾಲು ಬಿಗಿದು ತೋರಿಸಿ "ಹೀಗಾ?" ಎಂದು ಕೇಳಿದರು. ಹೌದು ಅಂದೆ. "ನೀವೇ ಒಂದು ಸಲ ಹೀಗೆ ನಿಂತು ನೋಡಿ, ಮಲ ಬರುತ್ತಾ? ಮಗು ಮುಕ್ಕುತ್ತಿಲ್ಲ, ತಡೆಹಿಡೀತಿದೆ."

ಎರಡು ತಿಂಗಳು ನಾವು ಅದರ ಪಕ್ಕದಲ್ಲಿ ಕೂತು ಮುಕ್ಕು ಮುಕ್ಕು ಎಂದಿದ್ದೆವು.

ಅವರು ವಿವರಿಸಿದ್ದು ಇಷ್ಟು. ಒಂದು ಸಲ ಗಟ್ಟಿ ಮಲ ಹೋಗುವಾಗ ಸೀಳಿ ನೋವಾಯಿತು. ಇನ್ನೊಂದು ಸಲ ನೋಯುತ್ತದೆ ಎಂದು ಮಗು ತಡೆಯಿತು. ತಡೆದಷ್ಟೂ ದೊಡ್ಡಕರುಳು ಮಲದ ನೀರನ್ನು ಹೀರಿಕೊಳ್ಳುತ್ತದೆ, ಮಲ ಇನ್ನೂ ಗಟ್ಟಿಯಾಗುತ್ತದೆ, ಮುಂದಿನ ಸಲ ನೋವು ಇನ್ನೂ ಹೆಚ್ಚು. ವಾರಗಟ್ಟಲೆ ತುಂಬಿಕೊಂಡ ಗುದನಾಳ ಹಳೇ ಬನಿಯನ್ ಹಾಗೆ ಜಗ್ಗಿಹೋಗುತ್ತದೆ, ತುಂಬಿದ್ದೂ ಮಗುವಿಗೆ ತಿಳಿಯುವುದಿಲ್ಲ. ಹಾಗಾಗಿ ಮೊದಲು ಒಳಗಿರುವುದನ್ನು ಖಾಲಿ ಮಾಡಬೇಕು. ಆಮೇಲೆ ತಿಂಗಳುಗಟ್ಟಲೆ ಮಲವನ್ನು ಎಷ್ಟು ಮೆತ್ತಗೆ ಇಡಬೇಕೆಂದರೆ, ಅದು ನೋಯುತ್ತಿತ್ತು ಎಂಬುದೇ ಮಗುವಿಗೆ ಮರೆತುಹೋಗಬೇಕು. ಎಲೆ ತೊಟ್ಟಿನ ವಿಷಯಕ್ಕೂ ಅವರು ಹೇಳಿದ್ದು ಇದನ್ನೇ. ಹೆದರಿದ ಜಾಗಕ್ಕೆ ಏನನ್ನು ಇಟ್ಟರೂ ಹೆದರಿಕೆ ಹೆಚ್ಚುತ್ತದೆ.

ನಾರಿನ ಅಂಶ ಜಾಸ್ತಿ ಕೊಡಲಾ ಎಂದು ಕೇಳಿದೆ. ಕೊಡಿ, ಆದರೆ ಈಗಲ್ಲ ಅಂದರು. ಕಟ್ಟಿಕೊಂಡ ಮೋರಿಗೆ ಮೇಲಿಂದ ಇನ್ನಷ್ಟು ಸುರಿದಂತಾಗುತ್ತದಂತೆ.

ಔಷಧಿ ಒಂದು ಬಿಳಿ ಪುಡಿ, ಪಾಲಿಎಥಿಲೀನ್ ಗ್ಲೈಕಾಲ್. ಕೆಲವರಿಗೆ ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಾರೆ. ಪ್ರಮಾಣವನ್ನು ನಾನು ಬರೆಯುವುದಿಲ್ಲ. ಅದು ಮಗುವಿನ ತೂಕಕ್ಕೆ ತಕ್ಕಂತೆ, ಅದೂ ಖಾಲಿ ಮಾಡುವ ದಿನಗಳಿಗೆ ಒಂದು, ಆಮೇಲಿನ ತಿಂಗಳುಗಳಿಗೆ ಇನ್ನೊಂದು. ಆದರೆ ಕಲಸುವ ವಿಷಯ ಹೇಳಬೇಕು. ಮೊದಲ ದಿನ ಎರಡು ಚಮಚ ನೀರಿನಲ್ಲಿ ಗಂಜಿಯಂತೆ ಕಲಸಿ ನುಂಗಿಸಲು ಹೋದೆ. ಹಾಗೆ ಮಾಡಬಾರದು. ಈ ಪುಡಿ ಕರುಳನ್ನು ಹಿಂಡುವುದಿಲ್ಲ. ನೀರನ್ನು ಹಿಡಿದಿಟ್ಟು ಮಲದ ತನಕ ಒಯ್ಯುತ್ತದೆ, ರಕ್ತಕ್ಕೆ ಸೇರುವುದು ಅತಿ ಕಡಿಮೆ. ಹೇಳಿದಷ್ಟು ನೀರು ಇಲ್ಲದಿದ್ದರೆ ಅದು ಒಯ್ಯುವುದಾದರೂ ಏನನ್ನು? ಲೋಟದಲ್ಲಿ ಪೂರ್ತಿ ಕರಗಿ ತಿಳಿಯಾಗುವ ತನಕ ಕದಡಿ, ಅವಳಿಗೆ ಇಷ್ಟವಾದ ಎಳನೀರಿನ ಸ್ಟ್ರಾ ಹಾಕಿ, ಅರ್ಧ ಗಂಟೆಯಲ್ಲಿ ಗುಟುಕು ಗುಟುಕಾಗಿ ಕುಡಿಸಿದೆ.

ಮೊದಲ ನಾಲ್ಕು ದಿನ ಕಷ್ಟದ ದಿನಗಳು. ಎರಡನೇ ದಿನ ಸೋರುವುದು ಇನ್ನೂ ಹೆಚ್ಚಾಯಿತು. ಹೀಗಾಗುತ್ತದೆ, ಹೆದರಿ ನಿಲ್ಲಿಸಬೇಡಿ ಎಂದು ಮೊದಲೇ ಹೇಳಿದ್ದರಿಂದ ನಿಲ್ಲಿಸಲಿಲ್ಲ. ಮೂರನೇ ದಿನ ಸಂಜೆ ಬಾಗಿಲ ಸಂದಿಯಲ್ಲೇ ದೊಡ್ಡ ಗಡ್ಡೆ ಹೊರಬಿತ್ತು. ಅಷ್ಟು ಪುಟ್ಟ ದೇಹದಲ್ಲಿ ಅಷ್ಟು ದೊಡ್ಡದು ಇತ್ತಾ ಎಂದು ಅತ್ತೆ ಕಣ್ಣೀರು ಹಾಕಿದರು. ಬಿಸಿನೀರು ಬೆಚ್ಚಗೆ ಮಾಡಿ ಟಬ್ಬಿನಲ್ಲಿ ಹತ್ತು ನಿಮಿಷ ಕೂರಿಸಿದೆ. ಅವತ್ತು ರಾತ್ರಿ ಎರಡು ತುತ್ತು ಅನ್ನ ತಾನಾಗಿ ಕೇಳಿದಳು.

ಆಮೇಲಿನದು ಹಾಲು. ಮೂರು ಬಾಟಲಿ, ಎಲ್ಲಾ ಸೇರಿ ಮುಕ್ಕಾಲು ಲೀಟರಿನ ಮೇಲೆ ಕುಡಿಯುತ್ತಿದ್ದಳು. ಒಂದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಹೊಟ್ಟೆ ಹಾಲಿನಲ್ಲೇ ತುಂಬಿದರೆ ಊಟ ಸೇರುವುದಿಲ್ಲ, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ. ಇದನ್ನು ಅತ್ತೆಗೆ ಒಪ್ಪಿಸುವುದು ಪುಡಿ ಕುಡಿಸುವುದಕ್ಕಿಂತ ಕಷ್ಟವಾಯಿತು. "ಹಾಲು ಕುಡಿಯೋ ಮಗು ಹಾಲು ಬಿಟ್ಟು ಸೊರಗಲ್ವೇನಮ್ಮಾ?" ಅಂದರು. ಅವರನ್ನೇ ಮುಂದಿನ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಾಟಲಿ ಬಿಡಿಸಿ ಬೆಳ್ಳಿ ಲೋಟದಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಗೊತ್ತುಮಾಡಿದ್ದು ಅವರೇ.

ರಾಗಿಯ ವಿಷಯದಲ್ಲಿ ನನ್ನ ಕಣ್ಣು ತೆರೆಯಿತು. ದಿನಾ ರಾಗಿ ಸರಿ ತಿನ್ನಿಸುತ್ತಿದ್ದೆ, ರಾಗಿ ತಿಂದೂ ಮಲ ಕಟ್ಟುತ್ತಲ್ಲ ಎಂದು ಆಶ್ಚರ್ಯ. ಸರಿಹಿಟ್ಟು ಮಾಡುವಾಗ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಪಂಚೆಯಲ್ಲಿ ಜಾಲಿಸಿ ಹೊಟ್ಟನ್ನೆಲ್ಲ ಬಿಸಾಡುತ್ತೇವೆ. ಹಲ್ಲು ಬಾರದ ಕೂಸಿಗೆ ಅದು ಸರಿ. ಎರಡು ವರ್ಷದ ಮಗುವಿಗೂ ಅದನ್ನೇ ಕೊಟ್ಟರೆ ನಾರು ಎಲ್ಲಿಂದ ಬರಬೇಕು? ಜಾಲಿಸದ ಹಿಟ್ಟಿನ ಅಂಬಲಿ, ನಿಂಬೆ ಗಾತ್ರದ ಮುದ್ದೆ, ಸೊಪ್ಪಿನ ಬಸ್ಸಾರು ಶುರುಮಾಡಿದೆ. ಹಣ್ಣಿನಲ್ಲಿ ಪರಂಗಿ, ರಾತ್ರಿ ನೆನೆಸಿ ಬೆಳಿಗ್ಗೆ ಕಿವುಚಿದ ಒಣದ್ರಾಕ್ಷಿ, ಒಂದು ಅಂಜೂರ. ಊಟದ ನಡುವೆ ಸಣ್ಣ ಲೋಟದಲ್ಲಿ ನೀರು.

ಪ್ಲೇಸ್ಕೂಲನ್ನು ಮುಂದೂಡಿದೆವು, ಡೈಪರ್ ವಾಪಸ್ ಬಂತು. ನಿಂತು ಡೈಪರಿನಲ್ಲೇ ಮಾಡಲಿ, ಮಾಡುವುದು ಮುಖ್ಯ ಎಂದಿದ್ದರು ಡಾಕ್ಟರಮ್ಮ. ಮನೆಯಲ್ಲಿ ಯಾರೂ ಕಕ್ಕ ನೋಡಿ "ಛೀ" ಅನ್ನಕೂಡದು ಎಂದು ಮಾತಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಅಂಕಿ ಬರೆಯುತ್ತಿದ್ದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದ, 1997ರಲ್ಲಿ ಪ್ರಕಟವಾದ ಒಂದು ಪಟ್ಟಿ ಇದೆ. ಅದರಲ್ಲಿ 1 ಅಂದರೆ ಹಿಕ್ಕೆ, 4 ಅಂದರೆ ನುಣುಪಾದ ಮೆತ್ತನೆ ಮಲ, 7 ಅಂದರೆ ಬರೀ ನೀರು. ಪುಡಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಡಾಕ್ಟರಿಗೆ ಫೋನಿನಲ್ಲಿ ಹೇಳಲು ಆ ಅಂಕಿಗಳೇ ಸಾಕಾಗುತ್ತಿದ್ದವು.

ಐದನೇ ವಾರಕ್ಕೆ ಸತತ 4 ಬರತೊಡಗಿತು. ದಿನಾ ಔಷಧಿ ಕೊಟ್ಟರೆ ಮಗು ಅದಕ್ಕೇ ಒಗ್ಗಿಹೋಗುತ್ತದೆ ಎಂದು ನೆಂಟರೊಬ್ಬರು ಹೇಳಿದ್ದು ಮನಸ್ಸಿನಲ್ಲಿ ಕೂತಿತ್ತು. ಯಾರನ್ನೂ ಕೇಳದೆ ಪುಡಿ ನಿಲ್ಲಿಸಿದೆ. ಹನ್ನೊಂದನೇ ದಿನ ಕ್ಯಾಲೆಂಡರಿನಲ್ಲಿ 1 ಬರೆದೆ. ಅವತ್ತು ಸಂಜೆ ಮತ್ತೆ ಬಾಗಿಲ ಸಂದಿಯಲ್ಲಿ ಅವಳ ಕಾಲುಗಳು ಕತ್ತರಿಯಾಗಿದ್ದವು. ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಜಗ್ಗಿದ ಗುದನಾಳ ಮೊದಲಿನಂತಾಗಲು ತಿಂಗಳುಗಳು ಬೇಕು. ಕನಿಷ್ಠ ಎರಡು ತಿಂಗಳು ಪುಡಿ ನಡೆಯಬೇಕು, ಅದರಲ್ಲಿ ಒಂದು ತಿಂಗಳಾದರೂ ಯಾವ ತೊಂದರೆಯೂ ಇಲ್ಲದೆ ಕಳೆದಿರಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಥಟ್ಟನೆ ನಿಲ್ಲಿಸಬಾರದು. ಡಾಕ್ಟರಮ್ಮ ಬೈಯಲಿಲ್ಲ. "ಎಲ್ಲರೂ ಒಂದು ಸಲ ಹೀಗೆ ಮಾಡೇ ಮಾಡ್ತಾರೆ" ಎಂದು ಮತ್ತೆ ಮೊದಲಿಂದ ಶುರುಮಾಡಿಸಿದರು.

ಎರಡನೇ ಸಲ ಅವಸರ ಮಾಡಲಿಲ್ಲ. ಶ್ರಾವಣವೆಲ್ಲ ಬಾಗಿಲ ಸಂದಿಯಲ್ಲೇ, ಡೈಪರಿನಲ್ಲೇ. ಗಣೇಶನ ಹಬ್ಬದ ಹೊತ್ತಿಗೆ ಆ ಜಾಗವನ್ನು ಬಚ್ಚಲಿಗೆ ಬದಲಾಯಿಸಿದೆವು, ಡೈಪರ್ ಹಾಕಿಕೊಂಡೇ ನಿಂತು ಮಾಡಲಿ ಎಂದು. ನವರಾತ್ರಿಯಲ್ಲಿ ಡೈಪರ್ ಹಾಕಿಕೊಂಡು ಪಾಟಿ ಮೇಲೆ ಕೂತಳು. ಆಮೇಲೆ ಒಂದು ಪಟ್ಟಿ ಸಡಿಲ, ಎರಡು ಪಟ್ಟಿ ಸಡಿಲ. ದೀಪಾವಳಿ ಕಳೆದು ಒಂದು ದಿನ ಡೈಪರ್ ಬೇಡ ಎಂದು ತಾನೇ ಕಿತ್ತು ಬಿಸಾಡಿದಳು.

ಕೂರಿಸುತ್ತಿದ್ದುದು ತಿಂಡಿಯಾಗಿ ಕಾಲು ಗಂಟೆಗೆ, ಐದೇ ನಿಮಿಷ. ಹೊಟ್ಟೆಗೆ ಊಟ ಬಿದ್ದ ಮೇಲೆ ದೊಡ್ಡಕರುಳು ತಾನಾಗಿ ಕದಲುತ್ತದೆ, ಆ ಹೊತ್ತನ್ನು ಬಳಸಿಕೊಂಡರೆ ಅರ್ಧ ಕೆಲಸ ಅದೇ ಮಾಡುತ್ತದೆ. ಕಾಲು ನೇತಾಡಬಾರದು. ಊಟಕ್ಕೆ ಕೂರುವ ಹಳೇ ಮಣೆಯನ್ನು ಕಾಲಡಿಗೆ ಇಟ್ಟೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದು ಕುಕ್ಕರಗಾಲಲ್ಲಿ ಕೂತಂತೆ ಆಯಿತು. ಹಾಗೆ ಕೂತಾಗ ಗುದನಾಳದ ತಿರುವು ನೇರವಾಗುತ್ತದೆ. ಮುಕ್ಕು ಎಂದು ಹೇಳುವುದನ್ನು ಬಿಟ್ಟು ಜಾತ್ರೆಯಲ್ಲಿ ಕೊಂಡ ಪೀಪಿ ಕೈಗೆ ಕೊಟ್ಟೆ. ಊದುವಾಗ ಹೊಟ್ಟೆ ತಾನಾಗಿ ಒತ್ತುತ್ತದೆ, ಕೆಳಗಿನ ಬಿಗಿ ಸಡಿಲವಾಗುತ್ತದೆ. ಪೀಪಿ ಊದಿದ ಸದ್ದು ಕೇಳಿದರೆ ಅಡುಗೆಮನೆಯಿಂದ ಅತ್ತೆ "ಆಯ್ತಾ ಚಿನ್ನಾ, ಇವತ್ತು ಎಷ್ಟು ನಂಬರು?" ಎಂದು ಕೇಳುತ್ತಿದ್ದರು.

ಡಿಸೆಂಬರಿನಲ್ಲಿ ಡಾಕ್ಟರಮ್ಮ ಹೇಳಿದಂತೆ ಪುಡಿ ಇಳಿಸುತ್ತಾ ಬಂದು ಸಂಕ್ರಾಂತಿಗೆ ಮೊದಲು ನಿಲ್ಲಿಸಿದೆವು. ಹಬ್ಬಕ್ಕೆ ಊರಿಗೆ ಹೋದಾಗ ಹೊಸ ಜಾಗ, ಹೊಸ ಬಚ್ಚಲು, ತಟ್ಟೆ ತುಂಬಾ ಎಳ್ಳುಬೆಲ್ಲ, ಎರಡು ದಿನ ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಸಣ್ಣ ಪ್ರಮಾಣವನ್ನು ನಾಲ್ಕು ದಿನ ಕೊಟ್ಟೆ. ಅಮ್ಮ ಹಿತ್ತಿಲಲ್ಲಿ ಎರಡು ಇಟ್ಟಿಗೆ ಇಟ್ಟು, ಎದುರಿಗೆ ತಾವೂ ಕೂತು ಅವಳಿಗೆ ಕತೆ ಹೇಳಿದರು. ಎಲೆ ತೊಟ್ಟಿನ ಮಾತು ಅವರ ಬಾಯಲ್ಲಿ ಬರಲಿಲ್ಲ.

ಈಗ ಮಗಳಿಗೆ ಮೂರು ತುಂಬಿದೆ. ಪುಡಿಯ ಡಬ್ಬ ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇನ್ನೂ ಇದೆ. ಜ್ವರ ಬಂದಾಗ, ಪ್ರಯಾಣ ಇದ್ದಾಗ ಅದರ ಮೇಲಿನ ತಾರೀಕು ಒಂದು ಸಲ ನೋಡಿಟ್ಟುಕೊಳ್ಳುತ್ತೇನೆ.