ಬೇಸಿಗೆಯಲ್ಲಿ ನೆಗಡಿ: ದಾವಣಗೆರೆಗೆ ಹೊಸದಾಗಿ ಬಂದ ಮನೆಯವರಿಗೆ

ಮಲೆನಾಡಿನಿಂದಲೋ ಕರಾವಳಿಯಿಂದಲೋ ಬಂದು ವಿದ್ಯಾನಗರ, ನಿಟುವಳ್ಳಿ ಕಡೆ ಬಾಡಿಗೆ ಮನೆ ಹಿಡಿದವರು ಮೊದಲ ಬೇಸಿಗೆಯಲ್ಲಿ ನಮ್ಮನ್ನು ಕೇಳುವುದು ಇದನ್ನೇ: ಇಷ್ಟು ಬಿಸಿಲಲ್ಲೂ ಮಕ್ಕಳ ಮೂಗು ಸೋರುತ್ತಲ್ಲ, ಯಾಕೆ? ಪಕ್ಕದ ಮನೆಯ ಅಜ್ಜಿ ಆಗಲೇ ಹೇಳಿರುತ್ತಾರೆ, "ಮಗೀಗೆ ಥಂಡಿ ಆಗೇತಿ, ಮಜ್ಜಿಗಿ ಬಿಡ್ಸವ್ವ." ಅಜ್ಜಿಯ ಅಕ್ಕರೆ ದೊಡ್ಡದು. ಆದರೂ ಮಜ್ಜಿಗೆ ಬಿಡಿಸಬೇಡಿ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 38 ಡಿಗ್ರಿ ಮುಟ್ಟುವುದು ಮಾಮೂಲು. ಅಂಥ ಬಿಸಿಲಿಗೆ ನೀರು, ಮಜ್ಜಿಗೆ ಜಾಸ್ತಿಯೇ ಬೇಕು.

ನೆಗಡಿ ತರುವುದು ವೈರಸ್. ಅದರಲ್ಲಿ 200ಕ್ಕೂ ಹೆಚ್ಚು ಬಗೆ ಇವೆ, ಬಿಸಿಲು ಬಂತು ಅಂತ ಅವು ಊರು ಬಿಡುವುದಿಲ್ಲ. ಮೊಸರು, ಐಸ್‌ಕ್ರೀಮ್ ತಿಂದದ್ದಕ್ಕೇ ನೆಗಡಿ ಹುಟ್ಟುವುದಿಲ್ಲ. ಅದು ಬರುವುದು ಇನ್ನೊಬ್ಬರ ಸೀನು, ಕೆಮ್ಮಿನಿಂದ, ಕೈಯಿಂದಲೂ. ಸೀನಿದವರು ಮೂಗು ಒರೆಸಿಕೊಂಡ ಕೈಯಲ್ಲೇ ಬಾಗಿಲ ಚಿಲಕ, ಮೊಬೈಲು, ಆಟೋದ ಕಂಬಿ ಹಿಡಿಯುತ್ತಾರೆ. ಅದನ್ನೇ ಮುಟ್ಟಿದ ನಮ್ಮ ಕೈ ನಮ್ಮ ಮೂಗು, ಕಣ್ಣಿಗೆ ಹೋಗುತ್ತದೆ. ಒಂದರಿಂದ ಮೂರು ದಿನದೊಳಗೆ ಗಂಟಲು ಕೆರೆಯಲು ಶುರು.

ಈ ಊರಲ್ಲಿ ಕೈ ವಿಷಯ ಒತ್ತಿ ಹೇಳಲು ಇನ್ನೊಂದು ಕಾರಣ ಮಂಡಕ್ಕಿ. ಸಂಜೆ ನಾಲ್ಕು ಜನ ಸೇರಿದರೆ ಪೇಪರ್ ಹಾಸಿ ಖಾರ ಮಂಡಕ್ಕಿ ಸುರಿಯುತ್ತಾರೆ, ಪಕ್ಕದಲ್ಲಿ ಬಿಸಿ ಮಿರ್ಚಿ. ಎಲ್ಲರ ಕೈಯೂ ಒಂದೇ ರಾಶಿಗೆ. ಮಿರ್ಚಿ ಖಾರಕ್ಕೆ ಮೂಗು ಸೋರುತ್ತದೆ, ಎಡಗೈಯಲ್ಲೋ ಬಲಗೈಯಲ್ಲೋ ಒರೆಸಿಕೊಂಡು ಮತ್ತೆ ಹಿಡಿ ತುಂಬಿಕೊಳ್ಳುತ್ತೇವೆ. ಇದನ್ನು ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ನಾವೂ ಬಿಟ್ಟಿಲ್ಲ. ಮನೆಯಲ್ಲಿ ಒಬ್ಬರಿಗೆ ನೆಗಡಿ ಇದ್ದರೆ ಅವರಿಗೆ ಬೇರೆ ತಟ್ಟೆಯಲ್ಲಿ ಹಾಕಿಕೊಡಿ, ಅಷ್ಟೇ. ಉಳಿದವರು ಕೂರುವ ಮೊದಲು ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಲಿ. ನೀರು ದಿನಾ ಬರದ ಬಡಾವಣೆಯಲ್ಲಿದ್ದರೆ ಡ್ರಮ್ಮಿಗೆ ಕೈ ಅದ್ದಬೇಡಿ, ಚೊಂಬಿನಿಂದ ಸುರಿದುಕೊಳ್ಳಿ. ಡ್ರಮ್ಮಿಗೆ ಮುಚ್ಚಳ ಇರಲಿ. ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ, ಅದು ನೆಗಡಿಗಿಂತ ದೊಡ್ಡ ತಲೆನೋವು.

ಎರಡು ವರ್ಷಕ್ಕೊಮ್ಮೆ ನಡೆಯುವ ನಗರದೇವತೆ ದುಗ್ಗಮ್ಮನ ಜಾತ್ರೆಗೆ ಬೀಗರು, ನೆಂಟರು ಮನೆ ತುಂಬುತ್ತಾರೆ. ಆಗ ಹಸುಗೂಸು ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಕೆನ್ನೆಗೆ ಮುತ್ತು ಕೊಡಬೇಡಿ ಅಂತ ಹಿರಿಯರಿಗೆ ಹೇಳುವುದು ಕಷ್ಟ, ಅಲ್ವಾ? "ಡಾಕ್ಟ್ರು ಬೇಡ ಅಂದಾರ್ರಿ" ಅಂದುಬಿಡಿ, ಯಾರೂ ಬೇಜಾರಾಗುವುದಿಲ್ಲ.

ಕೂಲರ್, ಎಸಿ ವಿಷಯ ಚಿಕ್ಕದು. ಎಸಿ ಕೋಣೆಯ ಒಣ ಗಾಳಿಗೆ ಮೂಗಿನ ಒಳಪದರ ಒಣಗುತ್ತದೆ, ಉರಿಯುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರು ಸೀನಿದರೆ ಎಲ್ಲರಿಗೂ ಹಂಚಿಕೆ. ದಿನಕ್ಕೆರಡು ಸಲ ಕಿಟಕಿ ತೆರೆಯಿರಿ. ಕೂಲರ್ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಿ.

ಮೂಗು ಸೋರಿದ್ದೆಲ್ಲ ನೆಗಡಿಯೂ ಅಲ್ಲ. ಭದ್ರಾ ನಾಲೆಯ ಬಯಲಲ್ಲಿ ಬೇಸಿಗೆ ಭತ್ತದ ಕಟಾವು ಶುರುವಾದರೆ ರಸ್ತೆ ಬದಿಯಲ್ಲೇ ಕಾಳು ಒಣಗಿಸುತ್ತಾರೆ. ದೂಳು, ಹೊಟ್ಟು ಗಾಳಿಗೆ ಏಳುತ್ತದೆ. ಸಾಲಾಗಿ ಸೀನು, ಕಣ್ಣು ತುರಿಕೆ, ನೀರಿನಂಥ ಸಿಂಬಳ, ಜ್ವರ ಮಾತ್ರ ಇಲ್ಲ ಅಂದರೆ ಅದು ಅಲರ್ಜಿ ಇರಬಹುದು. ಬೈಕಿನಲ್ಲಿ ಹೋಗುವಾಗ ಮಾಸ್ಕ್ ಹಾಕಿ. ಮನೆಗೆ ಬಂದು ಮುಖ ತೊಳೆಯಿರಿ. ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಿ.

ಔಷಧದ ಮಾತು. ಸಾಮಾನ್ಯ ನೆಗಡಿ ಒಂದು ವಾರ, ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ, ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಕೇಳಿ ತರಬೇಡಿ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಕೂಡಿದ ನೆಗಡಿ ಸಿರಪ್ 4 ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು ಬಾಟಲಿ ಮೇಲೆ ಅಚ್ಚು ಹಾಕಲು 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದ್ದಾರೆ. ಕೊಳ್ಳುವಾಗ ಓದಿ ನೋಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ. ಕುದಿಯುವ ನೀರಿನ ಪಾತ್ರೆ ಇಟ್ಟು ಮಗುವಿಗೆ ಹಬೆ ಹಿಡಿಸುವುದೂ ಬೇಡ, ಪಾತ್ರೆ ಮಗುಚಿದರೆ ಮೈ ಸುಡುತ್ತದೆ. ಮೂಗು ಕಟ್ಟಿದ್ದಕ್ಕೆ ಸಲೈನ್, ಅಂದರೆ ಮೂಗಿಗೆ ಬಿಡುವ ಉಪ್ಪುನೀರಿನ ಹನಿ ಸಾಕು.

ಉಸಿರಾಟಕ್ಕೆ ಪಕ್ಕೆ ಒಳಗೆ ಎಳೆದರೆ, ಮಗು ಹಾಲು ಕುಡಿಯುವುದು ಬಿಟ್ಟರೆ, ಜ್ವರ ಮೂರು ದಿನ ಇಳಿಯದಿದ್ದರೆ ಕಾಯಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅದೇ ದಿನ ತೋರಿಸಿ. ಮೂಗು ಸೋರದೆ ಬರೀ ಜೋರು ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು ಇದ್ದರೆ ಡೆಂಗಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಸರ್ಕಾರಿ ಆಸ್ಪತ್ರೆ ಬೇಕೆಂದರೆ ಆಟೋದವರಿಗೆ "ಚಿಗಟೇರಿ ಆಸ್ಪತ್ರೆ" ಅನ್ನಿ, ಜಿಲ್ಲಾಸ್ಪತ್ರೆ ಅದೇ. ರಾತ್ರಿ ಆಟೋ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.