ಕವಡಿಕೆರೆ, ಮಾಗೋಡು, ಜೇನುಕಲ್ಲು ಗುಡ್ಡ: ಒಂದೇ ದಿನದಲ್ಲಿ ನೋಡೋದು ಹೇಗೆ?

ಈ ಮೂರೂ ಜಾಗ ಉತ್ತರ ಕನ್ನಡದ ಯಲ್ಲಾಪುರದ ಹತ್ತಿರ ಇವೆ. ಶಿರಸಿಯಿಂದ ಬೆಳಿಗ್ಗೆ ಬೇಗ ಹೊರಡಿ. ಯಲ್ಲಾಪುರ ಸುಮಾರು 50 ಕಿ.ಮೀ. ತಿಂಡಿ ಅಲ್ಲೇ ಮುಗಿಸಿ, ನೀರಿನ ಬಾಟಲಿಯನ್ನೂ ತುಂಬಿಸಿಕೊಳ್ಳಿ, ಮುಂದೆ ಅಂಗಡಿಗಳು ಕಡಿಮೆ.

ಮೊದಲು ಕವಡಿಕೆರೆ. ಕಾಡಿನ ನಡುವೆ ಅಗಲವಾದ ಕೆರೆ, ದಡದಲ್ಲಿ ದೇವಿ ಗುಡಿ. ತುಂಬಾ ಜನ ಒಂದು ಫೋಟೋ ತೆಗೆದು ಓಡುತ್ತಾರೆ, ನೀವು ಹಾಗೆ ಮಾಡಬೇಡಿ. ದಡದಲ್ಲಿ ಸ್ವಲ್ಪ ದೂರ ನಡೆದು ಅರ್ಧ ಗಂಟೆ ಸುಮ್ನೆ ಕೂತರೆ, ಮರದ ನೆರಳು ನೀರಿನ ಮೇಲೆ ಅಲುಗುವುದು, ಮಿಂಚುಳ್ಳಿ ಸರ್ರನೆ ಹಾರುವುದು ಎಲ್ಲ ಕಣ್ಣಿಗೆ ಬೀಳುತ್ತದೆ.

ಆಮೇಲೆ ಮಾಗೋಡು ಜಲಪಾತ. ಬೇಡ್ತಿ ನದಿ ಇಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಇದೇ ನದಿ ಕರಾವಳಿಯಲ್ಲಿ ಗಂಗಾವಳಿ. ಬೇಲಿ ದಾಟಬೇಡಿ, ಸೆಲ್ಫಿಗಂತೂ ಬೇಡವೇ ಬೇಡ.

ಸಂಜೆ ಐದರ ಒಳಗೆ ಜೇನುಕಲ್ಲು ಗುಡ್ಡ ಸೇರಿ, ಸೂರ್ಯ ಮುಳುಗುವುದನ್ನು ನೋಡಲು.

ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಸಮಯ. ಮಳೆಗಾಲದಲ್ಲಿ ಮಂಜು ಜಾಸ್ತಿ, ಜಲಪಾತದ ಸದ್ದು ಮಾತ್ರ ಕೇಳಿಸಬಹುದು! ಜೊತೆಗೆ ಉಂಬಳದ (ಜಿಗಣೆಯ) ಕಾಟ ಬೇರೆ. ಒಮ್ಮೆ ನನ್ನ ಸಾಕ್ಸ್ ಒಳಗೇ ಮೂರು ಸಿಕ್ಕಿದ್ದವು. ಎಳೆಯಬೇಡಿ, ಉಪ್ಪು ಹಾಕಿ, ತಾನೇ ಬೀಳುತ್ತದೆ.